ಅಳಿಸಿಹೋದ ಚೀಟಿ: ಜೆನೆರಿಕ್ಸ್‌ನ ಒಂದು ಚರಿತ್ರೆ

ಜಾವಾ ಕಲಿಯುವವರು ಒಂದಲ್ಲ ಒಂದು ದಿನ ಈ ವಿಚಿತ್ರವನ್ನು ಕಾಣುತ್ತಾರೆ. ಏನೆಂದು ಗೊತ್ತಿಲ್ಲದ ಆಬ್ಜೆಕ್ಟ್ ಒಂದನ್ನು ಹಿಡಿದು 'ಇದು ಲಿಸ್ಟ್ ಹೌದೇ?' ಎಂದು ಕೇಳಬಹುದು, ಉತ್ತರ ಸಿಗುತ್ತದೆ. 'ಇದು ಸ್ಟ್ರಿಂಗ್‌ಗಳ ಲಿಸ್ಟ್ ಹೌದೇ?' ಎಂದು ಕೇಳಿದರೆ ಕಂಪೈಲರ್ ಪ್ರಶ್ನೆಯನ್ನೇ ತಿರಸ್ಕರಿಸುತ್ತದೆ. ಅದೇ ಪ್ರಶ್ನೆಗೆ ಸಿ ಶಾರ್ಪ್ ಸಲೀಸಾಗಿ ಉತ್ತರಿಸುತ್ತದೆ. ಇದರ ಕಾರಣ ಚರಿತ್ರೆಯಲ್ಲಿದೆ.

ಅಡುಗೆಮನೆಯ ಡಬ್ಬಿಗಳನ್ನೇ ನೋಡೋಣ. ಡಬ್ಬಿಯ ಆಕಾರ ಒಂದೇ, ಒಂದರ ಮೇಲೆ 'ತೊಗರಿಬೇಳೆ' ಎಂಬ ಚೀಟಿ, ಇನ್ನೊಂದರ ಮೇಲೆ 'ಸಕ್ಕರೆ'. ಜೆನೆರಿಕ್ ಎಂದರೆ ಚೀಟಿ ಅಂಟಿಸುವ ಈ ಏರ್ಪಾಡು. ಇಂಟರ್‌ಫೇಸ್ ಎಂದರೆ ಕರಾರು: ಒಳಗೆ ಬರುವ ವಸ್ತುವಿಗೆ ಇಂತಿಂಥ ಕೆಲಸ ಬರಲೇಬೇಕು. ಅಂಕಗಳನ್ನು ಏರಿಕೆಯ ಕ್ರಮದಲ್ಲಿ ಜೋಡಿಸಬೇಕಾದರೆ ಅವನ್ನು ಪರಸ್ಪರ ಹೋಲಿಸಲು ಬರಬೇಕಷ್ಟೆ.

ಈ ಕರಾರನ್ನು ಮೊದಲೇ ಬರೆದಿಡುವ ಪದ್ಧತಿ ಹಳೆಯದು. 1970ರ ದಶಕದಲ್ಲಿ ಅಮೆರಿಕದ ಎಂ.ಐ.ಟಿ.ಯಲ್ಲಿ ಬಾರ್ಬರಾ ಲಿಸ್ಕೋವ್ ಮತ್ತು ಸಂಗಡಿಗರು ರೂಪಿಸಿದ ಸಿಎಲ್‌ಯು ಭಾಷೆಯಲ್ಲಿ 'ವೇರ್' ಎಂಬ ಷರತ್ತಿನಿಂದ ಅದನ್ನು ಹೇಳಬಹುದಾಗಿತ್ತು. ಸ್ಟ್ರೌಸ್ಟ್ರಪ್ ಅವರ ಸಿ++ ಟೆಂಪ್ಲೇಟುಗಳು ಕರಾರು ಬರೆಯದೆ ಮುಂದೆ ಸಾಗಿದವು; ತಪ್ಪಿದರೆ ಪುಟಗಟ್ಟಲೆ ಎರರ್. ಅಲ್ಲಿ 'ಕಾನ್ಸೆಪ್ಟ್ಸ್' ಎಂಬ ಹೆಸರಿನ ಕರಾರು 2009ರಲ್ಲಿ ಕೈಬಿಡಲ್ಪಟ್ಟು, ಸಿ++20ರಲ್ಲಷ್ಟೇ ಒಳಗೆ ಬಂತು.

ಹೋಲಿಕೆಯ ಕರಾರಿನಲ್ಲಿ ಒಂದು ತೊಡಕಿದೆ. ಬರೇ 'ಹೋಲಿಸಬಲ್ಲದು' ಎಂದರೆ ಸಾಲದು, ಯಾವುದರ ಜೊತೆ? ದಿನಾಂಕವನ್ನು ದಿನಾಂಕದ ಜೊತೆಗೇ ಹೋಲಿಸಬೇಕು, ಹೆಸರಿನ ಜೊತೆಗಲ್ಲ. ಅಂದರೆ ಕರಾರಿನೊಳಗೆ ಆ ಟೈಪೇ ಮತ್ತೆ ಬರಬೇಕು. 'ಎಫ್-ಬೌಂಡೆಡ್' ಎಂಬ ಹೆಸರಿನಲ್ಲಿ 1989ರ ಪ್ರಬಂಧವೊಂದು ಇದಕ್ಕೆ ದಾರಿ ತೋರಿಸಿತು. ಹೆಸರು ಒರಟು, ವಿಚಾರ ಮಾತ್ರ ಸೊಗಸು ಎಂದು ನಮ್ಮ ಅಭಿಪ್ರಾಯ.

1996ರಲ್ಲಿ ಬಂದ ಜಾವಾದಲ್ಲಿ ಚೀಟಿಯೇ ಇರಲಿಲ್ಲ. ಎಲ್ಲ ಡಬ್ಬಿಗಳೂ 'ಆಬ್ಜೆಕ್ಟ್'. ಹೊರತೆಗೆಯುವಾಗ ಇದು ಇಂಥದ್ದೇ ಎಂದು ಬರೆಯುವವನೇ ಹೇಳಬೇಕು. ತಪ್ಪಾದರೆ ಓಡುವಾಗ ಪ್ರೋಗ್ರಾಂ ಮುಗ್ಗರಿಸುತ್ತದೆ. ಮಾರ್ಟಿನ್ ಓಡರ್ಸ್ಕಿ ಮತ್ತು ಫಿಲಿಪ್ ವಾಡ್ಲರ್ 1997ರಲ್ಲಿ 'ಪಿಜ್ಜಾ' ಎಂಬ ವಿಸ್ತರಣೆಯನ್ನು ಮುಂದಿಟ್ಟರು. ಗಿಲಾಡ್ ಬ್ರಾಕಾ, ಡೇವಿಡ್ ಸ್ಟೌಟಮೈರ್ ಸೇರಿಕೊಂಡು 1998ರಲ್ಲಿ 'ಜಿಜೆ' ಆಯಿತು. ಅದರ ಆಧಾರದಲ್ಲೇ 2004ರ ಜಾವಾ 5ರಲ್ಲಿ ಜೆನೆರಿಕ್ಸ್ ಬಂತು.

ಅಷ್ಟರಲ್ಲಿ ಲೋಕದಲ್ಲೆಲ್ಲ ಹಳೆಯ ಜಾವಾ ಪ್ರೋಗ್ರಾಮುಗಳು ಓಡುತ್ತಿದ್ದವು. ಅವು ಯಾವುದೂ ನಿಲ್ಲಬಾರದು. ಹಾಗಾಗಿ ಕಂಪೈಲರ್ ಚೀಟಿಗಳನ್ನು ಓದಿ, ಕರಾರುಗಳನ್ನು ತಾಳೆ ನೋಡಿ, ಕೊನೆಗೆ ಚೀಟಿ ಕಿತ್ತು ಡಬ್ಬಿಯನ್ನು ಮಾತ್ರ ಮುಂದಕ್ಕೆ ಕಳಿಸುತ್ತದೆ. ಇದೇ 'ಇರೇಶರ್'. ಓಡುವ ಹೊತ್ತಿಗೆ ಚೀಟಿಯೇ ಇಲ್ಲದ ಮೇಲೆ ಯಾರನ್ನು ಕೇಳುವುದು?

ಹಳತನ್ನು ಉಳಿಸುವ ಈ ಹಟದ ಗುರುತು ಇಂದಿಗೂ ಇದೆ. ಗರಿಷ್ಠವನ್ನು ಹುಡುಕುವ 'ಮ್ಯಾಕ್ಸ್' ವಿಧಾನದ ಕರಾರಿನಲ್ಲಿ 'ಆಬ್ಜೆಕ್ಟ್ ಮತ್ತು ಕಂಪೇರಬಲ್' ಎಂದಿದೆ. ಎಲ್ಲವೂ ಆಬ್ಜೆಕ್ಟೇ ಆಗಿರುವಾಗ ಅದೇಕೆ? ಚೀಟಿ ಅಳಿಸಿದಾಗ ಮೊದಲು ಬರೆದದ್ದೇ ಉಳಿಯುತ್ತದೆ. ಅಲ್ಲಿ ಕಂಪೇರಬಲ್ ಉಳಿದಿದ್ದರೆ, ಆಬ್ಜೆಕ್ಟನ್ನು ಹಿಂತಿರುಗಿಸುವ ಹಳೆಯ 'ಮ್ಯಾಕ್ಸ್' ಹುಡುಕಿಕೊಂಡು ಬರುವ ಪ್ರೋಗ್ರಾಮುಗಳಿಗೆ ಅದು ಸಿಗುತ್ತಿರಲಿಲ್ಲ.

ಮೈಕ್ರೋಸಾಫ್ಟ್‌ನ ಕೇಂಬ್ರಿಜ್ ಸಂಶೋಧನಾಲಯದ ಆಂಡ್ರ್ಯೂ ಕೆನಡಿ, ಡಾನ್ ಸೈಮ್ ಬೇರೆ ದಾರಿ ಹಿಡಿದರು. 2001ರ ಅವರ ಪ್ರಬಂಧದಂತೆ ಓಡಿಸುವ ಯಂತ್ರಕ್ಕೇ ಚೀಟಿ ಓದಲು ಕಲಿಸಲಾಯಿತು. 2005ರ ಸಿ ಶಾರ್ಪ್ 2.0ರಲ್ಲಿ ಅದು ಜನರ ಕೈಗೆ ಬಂತು. ಅಲ್ಲಿಯೂ ಬೆಲೆ ತೆರಬೇಕಾಯಿತು: ಹಳೆಯ ಸಂಗ್ರಹಗಳೊಂದು ಕಡೆ, ಜೆನೆರಿಕ್ ಸಂಗ್ರಹಗಳೊಂದು ಕಡೆ, ಹೀಗೆ ಎರಡೆರಡು ಕಪಾಟು.