ಮಳೆಗಾಲದ ಶಾಲೆ: ಮಕ್ಕಳಿಗೆ ಕಾಮಾಲೆ ಬಾರದಂತೆ ನೀರಿನ ಜಾಗ್ರತೆ

ಕಾಸರಗೋಡಿನಲ್ಲಿ ಜೂನ್ ಬಂತೆಂದರೆ ಶಾಲೆಯೂ ಮಳೆಯೂ ಒಟ್ಟಿಗೇ ಶುರು. ಆಗ ಹೆತ್ತವರು ಹೆಚ್ಚು ಗಮನ ಕೊಡಬೇಕಾದ ಕಾಯಿಲೆ ಹೆಪಟೈಟಿಸ್-ಎ. ನಾವು ಕಾಮಾಲೆ, ಮಲಯಾಳದಲ್ಲಿ ಮಂಜಪಿತ್ತ ಅನ್ನುವುದು. ರೋಗಿಯ ಮಲದಲ್ಲಿರುವ ವೈರಸ್ ಬಾವಿ ನೀರಿಗೆ, ಕೈಗೆ, ಕೈಯಿಂದ ತಿಂಡಿಗೆ ದಾಟುತ್ತದೆ. ದೇಹ ಸೇರಿ 15ರಿಂದ 50 ದಿನ ಕಳೆದ ಮೇಲೆ ಜ್ವರ, ವಾಂತಿ, ಸುಸ್ತು. ಕಣ್ಣು ಹಳದಿಯಾಗುವ ಎರಡು ವಾರ ಮೊದಲೇ ಆ ಮಗುವಿನಿಂದ ಬೇರೆಯವರಿಗೆ ಹರಡಬಹುದು. ಕ್ಲಾಸಲ್ಲಿ ಒಬ್ಬನಿಗೆ ಬಂದ ಮೇಲೆ ನೋಡುವ ಎಂದರೆ ತಡವಾಯಿತು ಎಂದೇ ಲೆಕ್ಕ.

ಕುಡಿಯುವ ನೀರು ಗುಳ್ಳೆ ಎದ್ದು ಕನಿಷ್ಠ ಒಂದು ನಿಮಿಷ ಕುದಿಯಬೇಕು. ಬೇಗ ತಣಿಯಲಿ ಅಂತ ಕುದಿಸದ ನೀರು ಬೆರೆಸಿ ಬಾಟ್ಲಿ ತುಂಬಿಸುವವರಿದ್ದಾರೆ. ಆಗ ಗ್ಯಾಸೂ ದಂಡ, ಕುದಿಸಿದ್ದೂ ದಂಡ. ರಾತ್ರಿಯೇ ಕುದಿಸಿ ಮುಚ್ಚಿಡಿ.

ಬಾವಿಗೆ ಬ್ಲೀಚಿಂಗ್ ಪೌಡರ್ 1,000 ಲೀಟರಿಗೆ 2.5 ಗ್ರಾಂ. 2 ಮೀಟರ್ ಅಗಲದ ದುಂಡು ಬಾವಿಯಲ್ಲಿ 3 ಮೀಟರ್ ನೀರಿದ್ದರೆ ಸುಮಾರು 9,400 ಲೀಟರ್. 24 ಗ್ರಾಂ ಸಾಕು. ಬಕೆಟಿನಲ್ಲಿ ಕಲಸಿ, ಸುಣ್ಣ ಅಡಿಗೆ ಕೂತ ಮೇಲೆ ತಿಳಿನೀರು ಮಾತ್ರ ಬಾವಿಗೆ ಹಾಕಿ ಕಲಕಿ. ಒಂದು ಗಂಟೆ ಬಿಟ್ಟು ಬಳಸಿ. ತೆರೆದಿಟ್ಟ ಹಳೇ ಪ್ಯಾಕೆಟ್ ಬೇಡ, ಕ್ಲೋರಿನ್ ಹಾರಿಹೋಗಿರುತ್ತದೆ (ಅಂಗಡಿಯವನೇ ಹೇಳುತ್ತಿದ್ದೇನೆ).

ಬ್ಯಾಗಿನಲ್ಲಿ ಸ್ಯಾನಿಟೈಸರ್ ಇದ್ದರೆ ಸಾಲದು. ಶೌಚಾಲಯಕ್ಕೆ ಹೋಗಿ ಬಂದಾಗ, ಊಟಕ್ಕೆ ಮೊದಲು 20 ಸೆಕೆಂಡ್ ಸಾಬೂನೇ ಆಗಬೇಕು. ಲಸಿಕೆಯೂ ಇದೆ, ಡಾಕ್ಟರಲ್ಲಿ ಕೇಳಿ.

ಕಣ್ಣು ಹಳದಿ ಕಂಡರೆ ಹಳ್ಳಿಮದ್ದಿನಲ್ಲಿ ದಿನ ಕಳೆಯದೆ ರಕ್ತ ಪರೀಕ್ಷೆ ಮಾಡಿಸಿ. ಹಳದಿ ಕಂಡ ಮೇಲೆ ಒಂದು ವಾರವಾದರೂ ಶಾಲೆಗೆ ಕಳಿಸಬೇಡಿ, ಪರೀಕ್ಷೆ ಇದ್ದರೂ ಸರಿ.