ಪೇಸ್ ಹೆಚ್ಚೋ, ಭೂಪತಿ ಹೆಚ್ಚೋ? (ಆಟದ ಇತಿಹಾಸ, ಭಾಗ 11)

1999ರ ಜೂನ್ ನೆನಪು ಮಾಡ್ಕೊಳ್ರಿ. ಹುಬ್ಬಳ್ಳಿ-ಧಾರವಾಡದ ಮಂದಿಯೆಲ್ಲ ಕ್ರಿಕೆಟ್ ವರ್ಲ್ಡ್ ಕಪ್ಪಿನ ಗುಂಗಿನಾಗ ಇದ್ದಾಗ, ಪ್ಯಾರಿಸ್ಸಿನ ಕೆಂಪು ಮಣ್ಣಿನ ಅಂಕಣದಲ್ಲಿ ಇಬ್ಬರು ಭಾರತೀಯರು ಫ್ರೆಂಚ್ ಓಪನ್ ಡಬಲ್ಸ್ ಗೆದ್ದರು. ಮುಂದಿನ ತಿಂಗಳು ವಿಂಬಲ್ಡನ್ನೂ ಗೆದ್ದರು. ಆ ವರ್ಷ ನಾಲ್ಕೂ ಗ್ರ್ಯಾಂಡ್ ಸ್ಲಾಮ್ ಫೈನಲ್ ಆಡಿದ ಜೋಡಿ ಅದು: ಲಿಯಾಂಡರ್ ಪೇಸ್ ಮತ್ತು ಮಹೇಶ್ ಭೂಪತಿ.

ಪೇಸ್ ಕೋಲ್ಕತ್ತದವರು. ಭೂಪತಿ ಹುಟ್ಟಿದ್ದು ಚೆನ್ನೈನಲ್ಲಿ, ಆದರೆ ಬೆಂಗಳೂರಿನವರಂತಲೇ ನಾವು ಲೆಕ್ಕ ಹಿಡಿದೀವಿ. ಬರೀ ಸಂಖ್ಯೆ ನೋಡಿದ್ರ ಪೇಸ್ ಮುಂದ: ಡಬಲ್ಸ್ 8, ಮಿಕ್ಸೆಡ್ 10, ಒಟ್ಟು 18 ಗ್ರ್ಯಾಂಡ್ ಸ್ಲಾಮ್. ಭೂಪತಿಯವರದು 4 ಮತ್ತು 8, ಒಟ್ಟು 12. ಮ್ಯಾಲೆ ಪೇಸ್ 1996ರ ಅಟ್ಲಾಂಟಾದಲ್ಲಿ ಸಿಂಗಲ್ಸ್ ಕಂಚು ತಂದರು. 1952ರಲ್ಲಿ ನಮ್ಮ ಪಕ್ಕದ ಕರಾಡ ಕಡೆಯ ಪೈಲ್ವಾನ ಕೆ.ಡಿ. ಜಾಧವ್ ಗೆದ್ದ ನಂತರ ಭಾರತಕ್ಕೆ ಸಿಕ್ಕ ಮೊದಲ ವೈಯಕ್ತಿಕ ಒಲಿಂಪಿಕ್ ಪದಕ ಅದು. ಆದರೆ ಗ್ರ್ಯಾಂಡ್ ಸ್ಲಾಮ್ ಬಾಗಿಲು ಮೊದಲು ತೆಗೆದವರು ಭೂಪತಿ, 1997ರ ಫ್ರೆಂಚ್ ಓಪನ್ ಮಿಕ್ಸೆಡ್‌ನಲ್ಲಿ, ಜಪಾನಿನ ರಿಕಾ ಹಿರಾಕಿ ಜೊತೆ. ಈ ಮಾತು ಮಂದಿ ಲಗೂನ ಮರೀತಾರ.

ಜಗಳ ಯಾಕ ಆತು? ಇಬ್ಬರೂ ತಮ್ಮ ತಮ್ಮ ಕಥಿ ಹೇಳ್ಯಾರ. ನನಗ ಹೆಚ್ಚು ವಿಚಿತ್ರ ಅನ್ನಿಸೋದು ಬ್ಯಾರೆ: ಜೋಡಿ ಒಡೆದ ಮ್ಯಾಲೂ ದೇಶಕ್ಕಾಗಿ ಒಟ್ಟಿಗೇ ಆಡಿದರು. 2002 ಮತ್ತು 2006ರ ಏಷ್ಯನ್ ಗೇಮ್ಸ್ ಚಿನ್ನ ಗೆದ್ದರು, ಡೇವಿಸ್ ಕಪ್‌ನಲ್ಲಿ ಸತತ 24 ಡಬಲ್ಸ್ ಗೆದ್ದರು. 2004ರ ಅಥೆನ್ಸ್‌ನಲ್ಲಿ ಕಂಚಿನ ಪಂದ್ಯದ ಮೂರನೇ ಸೆಟ್ 14-16ಕ್ಕೆ ಹೋತು. ಒಬ್ಬರು ಒಂದೆರಡು ಪಾಯಿಂಟ್ ಜಾಸ್ತಿ ಹೊಡೆದಿದ್ರ ಪದಕ ಇಬ್ಬರ ಕೊರಳಾಗ ಇರತಿತ್ತು.

2012ಕ್ಕೆ ಬೆಂಕಿ ಹೊತ್ತಿತು. ಲಂಡನ್ ಒಲಿಂಪಿಕ್ಸ್‌ಗೆ ಪೇಸ್ ಜೊತೆ ಆಡಲ್ಲ ಅಂದ್ರು ಭೂಪತಿ. ಕೊಡಗಿನ ರೋಹನ್ ಬೋಪಣ್ಣನೂ ಒಲ್ಲೆ ಅಂದ್ರು. ಕೊನೆಗೆ ಎರಡು ಜೋಡಿ ಕಳಿಸಿದರು, ಎರಡೂ ಎರಡನೇ ಸುತ್ತಿನಲ್ಲೇ ಸೋತವು. ಆಮ್ಯಾಲೆ ಟೆನಿಸ್ ಸಂಸ್ಥೆ ಭೂಪತಿ, ಬೋಪಣ್ಣ ಇಬ್ಬರಿಗೂ ಎರಡು ವರ್ಷ ನಿಷೇಧ ಹಾಕಿತು. ಅದಕ್ಕ ತಡೆ ಕೊಟ್ಟಿದ್ದು ನಮ್ಮ ಕರ್ನಾಟಕ ಹೈಕೋರ್ಟು.

ಕಥಿ ಇಲ್ಲಿಗೇ ನಿಲ್ಲಲಿಲ್ರಿ. 2017ರ ಏಪ್ರಿಲ್, ಬೆಂಗಳೂರಿನ ಕಬ್ಬನ್ ಪಾರ್ಕ್ ಅಂಗಳ, ಉಜ್ಬೇಕಿಸ್ತಾನ ವಿರುದ್ಧ ಡೇವಿಸ್ ಕಪ್. ಈಗ ಕ್ಯಾಪ್ಟನ್ ಕುರ್ಚಿಯಾಗ ಭೂಪತಿ. 1990ರಿಂದ ಆಡ್ತಾ ಬಂದಿದ್ದ ಪೇಸ್‌ಗೆ ಡಬಲ್ಸ್ ವಿಶ್ವದಾಖಲೆಗೆ ಒಂದೇ ಗೆಲುವು ಬೇಕಿತ್ತು. ಬೆಂಗಳೂರಿಗೆ ಬಂದಿದ್ದ ಅವರನ್ನ ಭೂಪತಿ ಹೊರಗಿಟ್ಟು ಬೋಪಣ್ಣನ್ನ ಆಡಿಸಿದರು. ಭಾರತ 4-1ರಿಂದ ಗೆದ್ದಿತು. ಆಯ್ಕೆ ಸರಿ ಇತ್ತು ಅಂತ ಅಂಕಿ ಹೇಳತದ. ಮನಸ್ಸು ಒಪ್ಪೋದು ಕಷ್ಟ.

ಒಂದು ವರ್ಷದ ನಂತರ, 2018ರ ಏಪ್ರಿಲ್, ಚೀನಾದ ತಿಯಾಂಜಿನ್. ಅದೇ ಕ್ಯಾಪ್ಟನ್ ಭೂಪತಿ. ಅಂಕಣದಲ್ಲಿ ಪೇಸ್, ಪಕ್ಕದಲ್ಲಿ ಲಂಡನ್‌ನಾಗ ಒಲ್ಲೆ ಅಂದಿದ್ದ ಬೋಪಣ್ಣ. ಆ ಪಂದ್ಯ ಗೆದ್ದು ಪೇಸ್ 43ನೇ ಡಬಲ್ಸ್ ಗೆಲುವಿನ ದಾಖಲೆ ಬರೆದಾಗ, ಅಂಕಣದ ಬದಿಗೆ ಭೂಪತಿ ಕೂತಿದ್ದರು.

ನಿಮ್ಮ ಓಟು ಯಾರಿಗೆ? ಕಮೆಂಟ್‌ನಾಗ ಬರೀರಿ, ಜಗಳಾಡೂದು ಬ್ಯಾಡ.

#ಆಟದಇತಿಹಾಸ #ಹುಬ್ಬಳ್ಳಿಧಾರವಾಡ #ಟೆನಿಸ್