ದೋಣಿ ಇಳಿಯುವ ಮೆಟ್ಟಿಲು

ರಾಯಬಾಗ ಸೀಮೆಯ ದಿಗ್ಗೇವಾಡಿಯಲ್ಲಿ ನಿಂತು ತುಂಬಿದ ಕೃಷ್ಣೆಯನ್ನು ನೋಡಿದವರಿಗೆ, ಇಷ್ಟು ದೊಡ್ಡ ಹೊಳೆಯಲ್ಲಿ ಸರಕಿನ ದೋಣಿಗಳು ಕಡಲಿನವರೆಗೆ ಏಕೆ ಸಾಗಲಿಲ್ಲವೆಂಬ ಪ್ರಶ್ನೆ ಏಳುವುದು ಸಹಜ. ಮಳೆಗಾಲದಲ್ಲಿ ದಡವನ್ನು ನುಂಗಿ ಬೇಸಗೆಯಲ್ಲಿ ಸೊರಗುವುದು ಈ ಹೊಳೆಯ ಹಳೆಯ ಸ್ವಭಾವ. ಮುಂದೆ ಜಲದುರ್ಗದ ಬಳಿ ಅದು ಬಂಡೆಗಳ ನಡುವೆ ಧುಮುಕುತ್ತದೆ. ದಾಟುವುದಕ್ಕೆ ದೋಣಿಯುಂಟು, ದೂರ ಹೋಗುವುದಕ್ಕಿಲ್ಲ. ಆದರೆ ಕೃಷ್ಣೆಯನ್ನು ಸೇರುವ ತುಂಗಭದ್ರೆಯ ನೀರನ್ನು ತಿರುಗಿಸಿ, ದೋಣಿಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸುವ ಸಾಹಸವೊಂದು ನಡೆದದ್ದುಂಟು. ಕರ್ನೂಲು-ಕಡಪ ಕಾಲುವೆಯ ಲಾಕುಗಳ ವೃತ್ತಾಂತವದು.

ಲಾಕು ಎಂಬುದು ಎತ್ತರದ ನೀರಿಗೂ ತಗ್ಗಿನ ನೀರಿಗೂ ನಡುವೆ ಕಟ್ಟಿದ, ಎರಡು ತುದಿಗಳಲ್ಲಿಯೂ ಬಾಗಿಲುಳ್ಳ ಕಲ್ಲಿನ ತೊಟ್ಟಿ. ಕೆಳಬಾಗಿಲನ್ನು ಮುಚ್ಚಿ ತೊಟ್ಟಿಯನ್ನು ಮೇಲಿನ ಮಟ್ಟದವರೆಗೆ ತುಂಬಿಸಿದರೆ ದೋಣಿ ಒಳಕ್ಕೆ ಬರುತ್ತದೆ. ಬಳಿಕ ಮೇಲುಬಾಗಿಲನ್ನು ಮುಚ್ಚಿ ಕೆಳಗಿನ ತೂಬನ್ನು ತೆರೆಯುವರು. ನೀರಿನೊಡನೆ ದೋಣಿಯೂ ಮೆಲ್ಲನೆ ಇಳಿಯುತ್ತದೆ. ಮಟ್ಟಗಳು ಸಮವಾದೊಡನೆ ಕೆಳಬಾಗಿಲು ತೆರೆಯುತ್ತದೆ. ಜೋಡಿ ಕದಗಳು ಪ್ರವಾಹಕ್ಕೆದುರಾಗಿ ಕೋನದಲ್ಲಿ ಕೂಡುವುದರಿಂದ ನೀರಿನ ಒತ್ತಡವೇ ಅವುಗಳನ್ನು ಬಿಗಿಯುತ್ತದೆ, ಅಗುಳಿಯ ಅವಶ್ಯಕತೆಯಿಲ್ಲ. ಚೀನದವರು ಕ್ರಿ.ಶ. 984ರಲ್ಲಿಯೇ ಇಂಥ ತೊಟ್ಟಿಯನ್ನು ಕಟ್ಟಿದ್ದರು. ಒಂದು ಸಂಗತಿಯನ್ನು ಮಾತ್ರ ಮರೆಯತಕ್ಕದ್ದಲ್ಲ: ಪ್ರತಿ ಸಲ ದೋಣಿ ಇಳಿದಾಗಲೂ ಒಂದು ತೊಟ್ಟಿ ನೀರು ಕೆಳಗೆ ಹೋಗಿಬಿಡುತ್ತದೆ.

ಗೋದಾವರಿಗೆ ಧವಳೇಶ್ವರದಲ್ಲಿ ಆಣೆಕಟ್ಟು ಕಟ್ಟಿಸಿದ ಸರ್ ಆರ್ಥರ್ ಕಾಟನ್‌ರಿಗೆ ರೈಲಿಗಿಂತ ಜಲಮಾರ್ಗವೇ ಅಗ್ಗವೆಂಬ ದೃಢವಾದ ನಂಬಿಕೆ. 1855ರಲ್ಲಿ ಬೆಜವಾಡದ ಕೃಷ್ಣಾ ಆಣೆಕಟ್ಟೂ ಮುಗಿಯಿತು. ಸಮತಟ್ಟಾದ ಆ ನದೀಮುಖ ಪ್ರದೇಶದಲ್ಲಿ ಪೈರೂ ಬೆಳೆಯಿತು, ದೋಣಿಯೂ ಓಡಿತು. ಅದೇ ಉತ್ಸಾಹ ಒಳನಾಡಿಗೂ ಹರಿಯಿತು. ಮದರಾಸು ನೀರಾವರಿ ಮತ್ತು ಕಾಲುವೆ ಕಂಪೆನಿಯ ಹತ್ತು ಲಕ್ಷ ಪೌಂಡು ಬಂಡವಾಳಕ್ಕೆ ಸರ್ಕಾರವು ನೂರಕ್ಕೆ 5ರಂತೆ ಬಡ್ಡಿಯ ಭರವಸೆ ಕೊಟ್ಟಿತು. ಲಾಭ ಬಂದರೂ ಬಾರದಿದ್ದರೂ ಬಡ್ಡಿ ನಿಶ್ಚಯ. ಇಂಥಲ್ಲಿ ಎಚ್ಚರಿಕೆ ಸಡಿಲವಾಗುವುದು ಆಶ್ಚರ್ಯವೇನೂ ಅಲ್ಲ. ಕರ್ನೂಲಿನ ಮೇಲ್ಗಡೆ ಸುಂಕೇಸುಲದಲ್ಲಿ ಒಡ್ಡು ಕಟ್ಟಿ, ಹಂದ್ರಿ ನದಿಯನ್ನು ಮೇಲ್ಗಾಲುವೆಯಿಂದ ದಾಟಿಸಿ, ಸುಮಾರು 190 ಮೈಲಿ ದೂರದ ಕಡಪದವರೆಗೆ ಕಾಲುವೆಯನ್ನು ತೋಡಿದರು. 1863ರಲ್ಲಿ ತೊಡಗಿದ ಕೆಲಸ 1870ರ ಸುಮಾರಿಗೆ ಮುಗಿಯಿತು. ಇಳಿಜಾರು ಹೆಚ್ಚಾದಲ್ಲೆಲ್ಲ ಲಾಕುಗಳನ್ನು ಕಟ್ಟಬೇಕಾಯಿತು.

ಕಲ್ಲುಗೆಲಸದಲ್ಲಿ ಕೊರತೆಯಿರಲಿಲ್ಲ. ಕೊರತೆಯಿದ್ದದ್ದು ನೀರಿಗೆ. ಆಗ ತುಂಗಭದ್ರೆಗೆ ದೊಡ್ಡ ಜಲಾಶಯವಿರಲಿಲ್ಲ. ಬೇಸಗೆಯಲ್ಲಿ ಹೊಳೆ ಬತ್ತಿದರೆ ತೊಟ್ಟಿಯನ್ನು ತುಂಬಿಸುವುದೆಂತು? ಕರಿಯ ಎರೆಭೂಮಿಯ ರೈತರು ಕಾಲುವೆಯ ನೀರಿಗೆ ಹಿಂಜರಿದರು. ಜೋಳ ಹತ್ತಿಗಳಿಗೆ ಮಳೆ ಸಾಕೆಂಬ ಅವರ ಲೆಕ್ಕವನ್ನು ಅಜ್ಞಾನವೆಂದು ತಳ್ಳುವುದು ನನಗೆ ಸರಿದೋರದು. ಅಷ್ಟರಲ್ಲಿ ಕಡಪದ ಮೂಲಕ ರಾಯಚೂರಿಗೆ ಹೋಗುವ ರೈಲುಮಾರ್ಗ 1871ರಲ್ಲಿ ಪೂರ್ಣವಾಗಿ, ವರ್ಷವಿಡೀ ಸರಕನ್ನು ಒಯ್ಯತೊಡಗಿತು. 1882ರಲ್ಲಿ ಸರ್ಕಾರವೇ ಕಾಲುವೆಯನ್ನು ಕೊಂಡುಕೊಂಡಿತು. 1933ರಲ್ಲಿ ದೋಣಿಸಂಚಾರ ನಿಂತು, ಕಾಲುವೆ ಬೇಸಾಯಕ್ಕೆ ಮಾತ್ರ ಉಳಿಯಿತು.

ತುಂಗಭದ್ರೆಗೆ ಹೊಸಪೇಟೆಯ ಬಳಿ ಕಟ್ಟಿದ ಜಲಾಶಯದಿಂದ ನೀರು ಬಿಟ್ಟದ್ದು 1953ರಲ್ಲಿ. ಲಾಕಿನ ಕದಗಳು ದೋಣಿಗಾಗಿ ತೆರೆಯುವುದು ನಿಂತು ಆಗಲೇ 20 ವರ್ಷವಾಗಿತ್ತು.